ಆಗುಂಬೆ ಘಾಟಿಯ ಎರಡು ಮಂಜು

ಆಗುಂಬೆಗೆ ಹೋಗುವವರಲ್ಲಿ ಬಹುಮಂದಿ ಸೂರ್ಯಾಸ್ತವನ್ನು ನೋಡಲೆಂದು ಹೋಗುತ್ತಾರೆ. ಅದಕ್ಕೆ ಚಳಿಗಾಲದ ತಿಳಿಯಾದ ಸಂಜೆಗಳೇ ತಕ್ಕವು. ಆದರೆ ಆಗುಂಬೆಯ ನಿಜವಾದ ಒಡೆಯ ಸೂರ್ಯನಲ್ಲ, ಮಳೆರಾಯ. ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವ ಮಳೆ ಸಾವಿರ ಮಿಲಿಮೀಟರಿನ ಆಸುಪಾಸು. ಇಲ್ಲಿ ಸರಾಸರಿ ೭,೦೦೦ಕ್ಕೂ ಮೀರಿ. ಊರನ್ನು ಅದರ ಸ್ವರೂಪದಲ್ಲಿ ಕಾಣಬೇಕೆಂಬ ಆಸೆಯುಳ್ಳವರು ಆಷಾಢ ಶ್ರಾವಣಗಳಲ್ಲಿಯೇ ಹೊರಡಬೇಕು.

ಹಾಗೆ ಹೊರಡುವ ನಗರದ ಸಂಸಾರಗಳು ಈಗ ಬಹಳ. ತೀರ್ಥಹಳ್ಳಿಯಲ್ಲಿ ಕೆಂಪಾಗಿ ತುಂಬಿ ಹರಿಯುವ ತುಂಗೆಯನ್ನು ದಾಟಿ, ಮೇಗರವಳ್ಳಿಯ ಕಡೆಗೆ ತಿರುಗಿದ ಮೇಲೆ ಹಗಲು ಹೊತ್ತಿನಲ್ಲಿಯೇ ದೀಪ ಹೊತ್ತಿಸಿಕೊಂಡು ಸಾಗಬೇಕಾಗುತ್ತದೆ. ಅಡಿಕೆಯ ತೋಟಗಳು, ಹಾವಸೆ ಹತ್ತಿದ ಕಲ್ಲುಗೋಡೆಗಳು, ಕಂಬಳಿಕೊಪ್ಪೆಯ ಬದಲು ಪ್ಲಾಸ್ಟಿಕ್ಕನ್ನು ಹೊದ್ದು ಗದ್ದೆಗೆ ಇಳಿದವರು. ಕಾಡು ದಟ್ಟವಾಗುತ್ತ ಬಂದಂತೆ ಊರು. ಒಂದೇ ಬೀದಿಯ ಪುಟ್ಟ ಊರು. ‘ಮಾಲ್ಗುಡಿ ಡೇಸ್’ ಚಿತ್ರೀಕರಣದಿಂದ ಹೆಸರಾದ ದೊಡ್ಡಮನೆ ಇರುವುದು ಇಲ್ಲಿಯೇ. ಮಳೆಕಾಡನ್ನೂ ಕಾಳಿಂಗ ಸರ್ಪವನ್ನೂ ಅಭ್ಯಾಸ ಮಾಡುವ ಸಂಶೋಧನ ಕೇಂದ್ರವೊಂದು ೨೦೦೫ರಲ್ಲಿ ಇದೇ ಕಾಡಿನ ಅಂಚಿನಲ್ಲಿ ಸ್ಥಾಪಿತವಾಯಿತು. ಬಿಸಿ ಕಷಾಯ ಕುಡಿದು, ಮಕ್ಕಳು ಮನಸಾರೆ ನೆನೆದು, ಒದ್ದೆ ಕೊಡೆಗಳನ್ನು ಕಾಲಬುಡದಲ್ಲಿ ಮಡಿಸಿಟ್ಟು ಎಲ್ಲರೂ ಗಾಡಿಯೊಳಗೆ ಸೇರಿ ಬಾಗಿಲು ಹಾಕಿಕೊಂಡಾಗ ಕಥೆ ಮೊದಲಾಗುತ್ತದೆ.

ಏಕೆಂದರೆ ಊರಿನಿಂದ ಸ್ವಲ್ಪ ದೂರದಲ್ಲಿಯೇ ಘಾಟಿ. ಸಮುದ್ರಮಟ್ಟದಿಂದ ೬೦೦ ಮೀಟರಿಗೂ ಮೇಲಿರುವ ಆಗುಂಬೆಯಿಂದ ಬುಡದ ಸೋಮೇಶ್ವರಕ್ಕೆ ರಸ್ತೆ ಹದಿನಾಲ್ಕು ಕಡಿದಾದ ತಿರುವುಗಳಲ್ಲಿ ಇಳಿಯುತ್ತದೆ. ದೊಡ್ಡ ಬಸ್ಸುಗಳು ಹೊರಳಲಾರದಷ್ಟು ಇಕ್ಕಟ್ಟಾದ ತಿರುವುಗಳವು. ಆದುದರಿಂದಲೇ ಈ ದಾರಿಯಲ್ಲಿ ಮಿನಿ ಬಸ್ಸುಗಳ ಓಡಾಟ. ಎಡಕ್ಕೆ ಬಂಡೆ, ಬಲಕ್ಕೆ ಪ್ರಪಾತ. ಮುಂದಿನ ತಿರುವಿನಲ್ಲಿ ಅದಲುಬದಲು. ಸರಿಯಾಗಿ ಇಂಥ ಕಡೆಯಲ್ಲಿ, ಗಾಡಿಯ ಮುಂದಿನ ಗಾಜಿನ ಮೇಲೆ ಯಾರೋ ಹಾಲು ಬಳಿದಂತೆ ಬಿಳಿಯ ಪರದೆಯೊಂದು ಕೆಳಗಿನಿಂದ ಮೇಲೇರುತ್ತದೆ. ಚಾಲಕನ ಕೈ ಗಾಬರಿಯಿಂದ ಗಾಜಿಗೆ ಹೋಗುತ್ತದೆ. ಒರೆಸಿದ ಅಂಗೈಯಗಲದ ಕಂಡಿ ಎರಡೇ ಕ್ಷಣದಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ. ಹಿಂದಿನಿಂದ ಅಜ್ಜಿ, “ಕಿಟಕಿ ತೆಗೆಯೋ ಮಗು” ಎನ್ನುತ್ತಾರೆ. “ಎಲ್ಲಾ ಆಟೋಮ್ಯಾಟಿಕ್ ಅಮ್ಮ, ಅದೇ ಸರಿಹೋಗುತ್ತದೆ” ಎಂದು ಉತ್ತರ.

ಅದು ತಾನಾಗಿಯೇ ಸರಿಹೋಗುವುದಿಲ್ಲ. ಅಜ್ಜಿಯ ಮಾತಿನಲ್ಲಿ ಅನುಭವವಿದೆ. ಅಂಬಾಸಡರ್ ಕಾರುಗಳ ಕಾಲದಲ್ಲಿ ಮುಂದಿನ ಬಾಗಿಲಿನ ಮೂಲೆಯ ತ್ರಿಕೋನದ ಪುಟ್ಟ ಗಾಜನ್ನು ಓರೆಯಾಗಿ ತಿರುಗಿಸಿದರೆ ಹೊರಗಿನ ಗಾಳಿ ಒಳನುಗ್ಗಿ ಮಬ್ಬು ಹರಿಯುತ್ತಿತ್ತು. ಗಾಜಿಗೆ ಹೊಗೆಸೊಪ್ಪನ್ನು ತಿಕ್ಕುವ ಉಪಾಯವೂ ಚಾಲಕರಲ್ಲಿತ್ತು.

ಈ ಮಬ್ಬಿನ ಮೂಲವನ್ನು ದೂರ ಹುಡುಕಬೇಕಾಗಿಲ್ಲ. ಗಾಳಿ ಬೆಚ್ಚಗಿದ್ದಷ್ಟೂ ಅದರಲ್ಲಿ ಹೆಚ್ಚು ನೀರಾವಿ ಇರಬಲ್ಲದು. ೩೦ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು ೩೦ ಗ್ರಾಂ ಆವಿಯನ್ನು ಹೊರಬಲ್ಲದಾದರೆ ೨೦ ಡಿಗ್ರಿಯಲ್ಲಿ ಸುಮಾರು ೧೭ ಗ್ರಾಂ ಮಾತ್ರ. ಐದು ಮಂದಿಯ ಉಸಿರು, ಒದ್ದೆ ಬಟ್ಟೆ, ಒದ್ದೆ ಕೊಡೆ, ಕಾಲೊರಸಿನಲ್ಲಿ ನಿಂತ ನೀರು ಇವೆಲ್ಲವೂ ಗಾಡಿಯೊಳಗಿನ ಗಾಳಿಗೆ ಆವಿಯನ್ನು ತುಂಬುತ್ತಲೇ ಇರುತ್ತವೆ. ಹೊರಗಿನ ಮಳೆ ಗಾಜನ್ನು ತಣ್ಣಗಾಗಿಸಿರುತ್ತದೆ. ಆ ತಣ್ಣನೆಯ ಮೈಯನ್ನು ಮುಟ್ಟಿದ ಗಾಳಿ ತನ್ನ ಹೊರೆಯನ್ನು ಅಲ್ಲಿಯೇ ಇಳಿಸುತ್ತದೆ.

ಹಾಗಾದರೆ ಹವಾನಿಯಂತ್ರಣ ಯಂತ್ರ ಮಾಡುವುದೇನು? ಒಂದು ಸ್ವಾರಸ್ಯದ ಸಂಗತಿ: ೧೯೦೨ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರು ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಮುದ್ರಣಾಲಯವೊಂದಕ್ಕಾಗಿ ಇಂಥ ಯಂತ್ರವನ್ನು ರೂಪಿಸಿದುದು ಜನರನ್ನು ತಂಪಾಗಿಡಲಿಕ್ಕಲ್ಲ, ಗಾಳಿಯ ತೇವದಿಂದ ಕಾಗದ ಹಿಗ್ಗಿ ಬಣ್ಣದ ಅಚ್ಚು ತಪ್ಪದಿರಲೆಂದು. ಗಾಳಿಯನ್ನು ಹಿಂಡಿ ಒಣಗಿಸುವುದೇ ಅದರ ಹುಟ್ಟುಗುಣ. ಕಾರು ನಿಂತಾಗ ಅಡಿಯಿಂದ ತೊಟ್ಟಿಕ್ಕುವ ತಿಳಿನೀರು ಹೀಗೆ ಹಿಂಡಿದ ನೀರೇ. ೧೯೬೪ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಸ್ವಯಂಚಾಲಿತ ವ್ಯವಸ್ಥೆ ಇಂದು ನಮ್ಮ ಮಧ್ಯಮವರ್ಗದ ಗಾಡಿಗಳಲ್ಲಿಯೂ ಉಂಟು. ೨೪ ಡಿಗ್ರಿ ಬೇಕೆಂದು ಹೇಳಿಬಿಟ್ಟರೆ ಸಾಕು, ಮಿಕ್ಕ ಯೋಚನೆ ಅದರದು.

ತೊಡಕು ಇರುವುದು ಈ ಯೋಚನೆಯಲ್ಲಿಯೇ. ಅನೇಕ ಗಾಡಿಗಳಲ್ಲಿ ಈ ವ್ಯವಸ್ಥೆ ಅಳೆಯುವುದು ಬಿಸಿಯನ್ನು, ತೇವವನ್ನಲ್ಲ. ತೇವವನ್ನು ಅಳೆಯುವ ಸಾಧನ, ಕನ್ನಡಿಯ ಬುಡದಲ್ಲಿ ಗಾಜಿಗೆ ಅಂಟಿಕೊಂಡಂತೆ, ಕೆಲವು ಗಾಡಿಗಳಲ್ಲಿ ಮಾತ್ರ ಇರುತ್ತದೆ. ಆಗುಂಬೆಯ ಮಳೆಯಲ್ಲಿ ಹೊರಗಿನ ಉಷ್ಣತೆಯೇ ೨೧ ಇದ್ದಾಗ, ತಂಪು ಮಾಡುವ ಅಗತ್ಯವೇನೂ ಇಲ್ಲವೆಂದು ಕೆಲವು ಗಾಡಿಗಳ ಯಂತ್ರ ಸಂಕೋಚಕವನ್ನು ನಿಲ್ಲಿಸಿ ಇಂಧನ ಉಳಿಸುತ್ತದೆ. ಅದು ನಿಂತೊಡನೆ, ತಣ್ಣನೆಯ ಕೊಳವೆಗಳ ಮೇಲೆ ಹನಿಗಟ್ಟಿದ್ದ ನೀರು ಮತ್ತೆ ಆವಿಯಾಗಿ ಒಳಕ್ಕೇ ಬೀಸುತ್ತದೆ. ಮಬ್ಬು ಅಷ್ಟು ಹಠಾತ್ತಾಗಿ ಕವಿಯುವುದರ ಗುಟ್ಟು ಇದು. ಇದರ ಮೇಲೆ, ಶಿವಮೊಗ್ಗದ ಧೂಳಿಗೆ ಬೇಸತ್ತು ಹೊರಗಿನ ಗಾಳಿ ಬಾರದಂತೆ ಒತ್ತಿದ ಗುಂಡಿ ಹಾಗೆಯೇ ಉಳಿದಿದ್ದರೆ ಮುಗಿಯಿತು. ಐವರ ಉಸಿರೂ ಒಳಗೊಳಗೇ ಸುತ್ತುತ್ತಿರುತ್ತದೆ.

ಆ ಗಳಿಗೆಯಲ್ಲಿ ಮಾಡಬೇಕಾದುದು ಆ ಗುಂಡಿಯನ್ನು ಬಿಡಿಸಿ ಹೊರಗಾಳಿಯನ್ನು ಬರಗೊಡುವುದು, ಮುಂಗಾಜಿನ ಚಿತ್ರವುಳ್ಳ ಗುಂಡಿಯನ್ನು ಒತ್ತಿ ಗಾಳಿಯನ್ನು ಗಾಜಿನತ್ತ ಹೊರಳಿಸುವುದು, ಎ.ಸಿ. ಓಡುತ್ತಿರುವಾಗಲೇ ಉಷ್ಣತೆಯನ್ನು ಏರಿಸುವುದು. ಈ ಕೊನೆಯದು ಹಲವರಿಗೆ ವಿಪರೀತವೆನಿಸುತ್ತದೆ. ತಂಪಿನ ಯಂತ್ರ ಓಡಿಸಿ ಬಿಸಿಯನ್ನೂ ಕೇಳುವುದೇ? ಕೇಳಬೇಕು. ಒಂದು ಗಾಳಿಯ ನೀರನ್ನು ಹಿಂಡುತ್ತದೆ, ಇನ್ನೊಂದು ಆ ಒಣಗಾಳಿಯನ್ನು ಬೆಚ್ಚಗಾಗಿಸಿ ಗಾಜನ್ನೂ ಬೆಚ್ಚಗಿಡುತ್ತದೆ. ಅಂಗೈಯಿಂದ ಒರೆಸುವ ಅಭ್ಯಾಸವನ್ನಂತೂ ಬಿಡುವುದು ಲೇಸು. ಕೈಯ ಜಿಡ್ಡು ಗಾಜಿನ ಮೇಲೆ ಉಳಿದು, ಎದುರು ಬರುವ ಗಾಡಿಯ ದೀಪವನ್ನು ಕಣ್ಣಿನ ತುಂಬ ಚೆಲ್ಲಾಡಿಬಿಡುತ್ತದೆ.

ಘಾಟಿಯ ಚೋದ್ಯ ಇಷ್ಟಕ್ಕೆ ಮುಗಿಯಲಿಲ್ಲ. ತಿರುವುಗಳನ್ನು ಇಳಿದಂತೆ ಕಿವಿ ಸಣ್ಣಗೆ ಗುಂಯ್‌ಗುಡುತ್ತದೆ, ಗಾಳಿ ಬೆಚ್ಚಗಾಗುತ್ತದೆ. ಸೋಮೇಶ್ವರ ಬಂತೆನ್ನುವಾಗ ಕರಾವಳಿಯ ಸೆಕೆ. ಒಳಗಿನವರು ಮತ್ತೆ ತಂಪನ್ನು ಕೇಳಿ ೧೮ಕ್ಕೆ ಇಳಿಸುತ್ತಾರೆ. ಮೇಲೆ ಒತ್ತಿದ ಗಾಜಿನ ಗುಂಡಿ ಹಾಗೆಯೇ ಇರುತ್ತದೆ. ಮಳೆ ಹೊಳವಾಗಿ ವೈಪರೂ ನಿಂತಿರುತ್ತದೆ. ಆಗ ಮತ್ತೊಮ್ಮೆ ಅದೇ ಬಿಳಿ ಪರದೆ! ಮಗಳು ಬಟ್ಟೆ ಹಿಡಿದು ಎಷ್ಟು ಒರೆಸಿದರೂ ಹೋಗದು. ಹೋಗುವುದಾದರೂ ಹೇಗೆ? ಅದು ಇರುವುದು ಗಾಜಿನ ಹೊರಮೈಯಲ್ಲಿ. ಮಣ್ಣಿನ ಹೂಜಿಯಲ್ಲದ ಹಿತ್ತಾಳೆಯ ಚೊಂಬಿಗೆ ತಣ್ಣೀರು ತುಂಬಿದರೆ ಹೊರಗೆ ಬೆವರುವಂತೆ, ಒಳಗಿನಿಂದ ತಣ್ಣಗಾದ ಗಾಜಿಗೆ ಕರಾವಳಿಯ ತೇವದ ಗಾಳಿ ತಗಲಿ ಹನಿಗಟ್ಟಿದೆ. ಮೇಲೆ ಕಾಪಾಡಿದ ಗುಂಡಿಯೇ, ತಣ್ಣನೆಯ ಗಾಳಿಯನ್ನು ಗಾಜಿಗೆ ಊದುತ್ತ ಇಲ್ಲಿ ಕಣ್ಣು ಕಟ್ಟುತ್ತಿದೆ. ವೈಪರನ್ನು ಒಮ್ಮೆ ಆಡಿಸಿದರೆ ಯಾವ ಮಂಜೆಂದು ತಿಳಿದುಹೋಗುತ್ತದೆ. ಗಾಳಿಯನ್ನು ಕಾಲಿನ ಕಡೆಗೆ ತಿರುಗಿಸಿ, ೨೬ಕ್ಕೆ ಏರಿಸಿದರೆ ನಿಧಾನವಾಗಿ ದಾರಿ ತೆರೆಯುತ್ತದೆ. ಮುಂದೆ ಹೆಬ್ರಿ, ಉಡುಪಿ, ಬಯಲು ದಾರಿ.

ಇವೆರಡೂ ಅಲ್ಲದ ಮಂಜು ಇನ್ನೊಂದುಂಟು. ಅದು ಗಾಜಿನ ಒಳಗೂ ಇಲ್ಲ, ಹೊರಗೂ ಇಲ್ಲ. ಮೋಡವೇ ಘಾಟಿಯ ಮೇಲೆ ಕುಳಿತಿರುತ್ತದೆ. ಅದಕ್ಕೆ ಯಾವ ಗುಂಡಿಯೂ ಇಲ್ಲ. ಸಂಜೆಯಾದ ಮೇಲೆ ಅಂಥ ಮಂಜು ಕವಿದರೆ, ಮೇಲೆಯೇ ರಾತ್ರಿ ತಂಗಿ, ಬೆಳಗಿನ ಮೊದಲ ಮಿನಿ ಬಸ್ಸು ಹಾರನ್ ಹಾಕುತ್ತ ಇಳಿದ ಮೇಲೆ ಅದರ ಹಿಂದೆ ಹೊರಡಬಹುದು.