ಐದನೆಯ ಎಲೆ

ದೀಪಾವಳಿ ಬಂತೆಂದರೆ ದೆಹಲಿಯಲ್ಲಿ ಇಸ್ಪೀಟಿಗೆ ಪರವಾನಗಿ ಸಿಕ್ಕಂತೆಯೇ. ಕ್ವಾರ್ಟರ್ಸಿನ ಅಕ್ಕಪಕ್ಕದವರು ತೀನ್ ಪತ್ತಿಗೆ ಕೂತರೆ, ನಾವು ಈ ಸಲ ಬೆಂಗಳೂರಿನಿಂದ ಬಂದ ಅಕ್ಕನ ಮಗನಿಂದ ಪೋಕರ್ ಕಲಿತೆವು. ಓದುಗರು ಗಾಬರಿಪಡಬೇಕಿಲ್ಲ, ಪಣಕ್ಕಿಟ್ಟದ್ದು ಹುಣಸೆಬೀಜ.

ಕೈಯಲ್ಲಿ ಗುಟ್ಟಾಗಿ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದಂತೆ ಐದು. ಏಳರಲ್ಲಿ ಒಳ್ಳೆಯ ಐದನ್ನು ಕೂಡಿಸಿದವರಿಗೆ ಗುಡ್ಡೆ. ನಡುವೆ ನಾಲ್ಕು ಎಲೆ ಬಿದ್ದಾಗ ನಮಗೆ ನಾಲ್ಕು ಆಟೀನು ಕೂಡಿದ್ದವು. ಇನ್ನೊಂದು ಬಂದರೆ ಬಹುಮಟ್ಟಿಗೆ ಗೆಲುವು. ಬಾರದಿದ್ದರೆ ಒಂದು ಜೋಡಿಯೂ ಇಲ್ಲ. ಗುಡ್ಡೆಯಲ್ಲಿ 40 ಬೀಜ. ನಮ್ಮಾಕೆ ತಮ್ಮಲ್ಲಿ ಉಳಿದಿದ್ದ 40ನ್ನೂ ಸುರಿದುಬಿಟ್ಟರು.

"ಆಗಲೇ 20 ಬೀಜ ಹಾಕಿದ್ದೇವೆ, ಈಗ ಬಿಡುವುದು ಹೇಗೆ?" ಎಂದು ನಾವು ಎಣಿಸತೊಡಗಿದೆವು.

ಹುಡುಗ ತಡೆದ. "ಮಾವ, ಗುಡ್ಡೆಗೆ ಹೋದದ್ದು ನಿಮ್ಮದಲ್ಲ. ಈಗ ಕೊಡೋದೆಷ್ಟು, ಗೆದ್ದರೆ ಸಿಗೋದೆಷ್ಟು, ಎಲೆ ಬರೋ ಸಂಭವ ಎಷ್ಟು, ಅಷ್ಟೇ ನೋಡಿ. ನೀವು ಬಿ.ಎಸ್ಸಿ. ಅಲ್ವಾ?"

ಲೆಕ್ಕ ಹಾಕಿದೆವು. 52ರಲ್ಲಿ ಕಂಡದ್ದು 6, ಕಾಣದ್ದು 46. ಅದರಲ್ಲಿ ಆಟೀನು 9, ಉಳಿದದ್ದು 37. ಅಂದರೆ ಒಂದು ಸಲ ಗೆದ್ದರೆ ನಾಲ್ಕು ಸಲ ಸೋಲು. ಸಿಗುವುದೋ 40ಕ್ಕೆ 80, ಬರೀ ಎರಡರಷ್ಟು. ಆಕೆ ಹತ್ತೇ ಹಾಕಿದ್ದರೆ ನಮ್ಮ ಹತ್ತಕ್ಕೆ 50 ಸಿಗುತ್ತಿತ್ತು, ಧೈರ್ಯವಾಗಿ ಹಾಕಬಹುದಿತ್ತು. ಎಲೆ ಕೆಳಗಿಟ್ಟೆವು.

ಹುಡುಗ ಸುಮ್ಮನಿರದೆ ಐದನೆಯ ಎಲೆ ತಿರುವಿದ. ಆಟೀನು ರಾಣಿ! ನಮ್ಮ ಮುಖ ನೋಡಿ ಎಲ್ಲರೂ ನಕ್ಕರು. "ಆದರೂ ಬಿಟ್ಟದ್ದೇ ಸರಿ, ಮಾವ" ಎಂದ ಅವನು.

ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ಊರ ಬಳಿ ಒಂದು ನಿವೇಶನಕ್ಕೆ ಏಳು ವರ್ಷದಿಂದ ಕಂತು ಕಟ್ಟುತ್ತಿದ್ದೇವೆ. ನಿವೃತ್ತಿಯಾದ ಮೇಲೆ ಊರಿಗೆ ಮರಳುವ ಆಸೆ ಯಾರಿಗಿಲ್ಲ? ಬಡಾವಣೆಗೆ ಮಂಜೂರಾತಿ ಇನ್ನೂ ಇಲ್ಲ; ಮತ್ತೆ ಎರಡು ಲಕ್ಷ ಕೇಳಿ ಕಾಗದ ಬಂದಿದೆ. ಇಷ್ಟು ಕಟ್ಟಿಯಾಗಿದೆಯಲ್ಲ ಎಂಬ ಒಂದೇ ಕಾರಣಕ್ಕೆ ಮಗಳ ಓದಿಗೆಂದಿಟ್ಟ ಠೇವಣಿ ಮುರಿಯಲು ಅರ್ಜಿ ಬರೆದಿಟ್ಟಿದ್ದೆವು. ಇಸ್ಪೀಟಿನಲ್ಲಾದರೆ ಉಳಿದ ಆಟೀನು ಒಂಬತ್ತೆಂದು ಗೊತ್ತು. ಇಲ್ಲಿ ಕಟ್ಟಿನಲ್ಲಿ ಆ ಎಲೆ ಇದೆಯೋ ಇಲ್ಲವೋ ಎಂಬುದೇ ಗೊತ್ತಿಲ್ಲ.

ಬೆಳಿಗ್ಗೆ ನಮ್ಮಾಕೆಗೆ ಹೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಠೇವಣಿ ಹಾಗೇ ಇರಲಿ ರೀ" ಎಂದರು. ಮಂಜೂರಾತಿ ಪತ್ರ ಕಾಣುವವರೆಗೆ ಒಂದು ರೂಪಾಯಿಯನ್ನೂ ಕಳಿಸುವುದಿಲ್ಲವೆಂದು ಆ ದಿನವೇ ಕಾಗದ ಹಾಕಿದೆವು.

ನಾಳೆ ಪತ್ರ ಬಂದು, ನಿವೇಶನ ಬೇರೆಯವರ ಪಾಲಾದರೆ ಹೊಟ್ಟೆ ಉರಿಯದೆ ಇರದು. ಆಗ ಆಟೀನು ರಾಣಿಯನ್ನು ನೆನೆಸಿಕೊಳ್ಳುತ್ತೇವೆ.