ಕೋವಿಯ ಮೇಲಿನ ಕಿರೀಟ

ಮದಕರಿಪುರದ ಆ ಹಿರಿಯ ರೈತರ ಮನೆಯಲ್ಲಿ ಆಯುಧಪೂಜೆಯ ಮೊದಲ ಮರ್ಯಾದೆ ನೇಗಿಲಿಗಲ್ಲ, ಕೋವಿಗೆ. ಹುಣಸೆಯ ಹುಳಿ, ಇಟ್ಟಿಗೆಯ ಪುಡಿ, ತೆಂಗಿನ ನಾರು ಇವುಗಳಿಂದ ನಳಿಗೆಯನ್ನು ಬೆಳ್ಳಿಯಂತೆ ಬೆಳಗಿ, ಕುಂಕುಮವಿಟ್ಟು, ಚೆಂಡುಹೂವಿನ ಸರ ಹಾಕುವುದು ತಾತನ ಕಾಲದಿಂದ ನಡೆದುಬಂದ ಪದ್ಧತಿ. ಅದು ಮದಕರಿನಾಯಕರ ದಂಡಿನ ಕೋವಿ ಎಂಬುದು ಮನೆತನದ ನಂಬಿಕೆ. ಊರಿನ ಹೆಸರೇ ಸಾಕ್ಷಿಯಾಗಿ ನಿಂತಿರುವಾಗ ಬೇರೆ ದಾಖಲೆಯನ್ನು ಕೇಳುವವರಾರು?

ಕೇಳುವವರು ಕಚೇರಿಯಲ್ಲಿದ್ದರು. ತಂದೆ ತೀರಿಕೊಂಡ ಮೇಲೆ ಬೆಳೆಗಾವಲಿನ ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಹೋದಾಗ, “ತಯಾರಕರ ಗುರುತೇನು?” ಎಂಬ ಪ್ರಶ್ನೆ ಬಂತು. ಹಳೆಯ ಪುಸ್ತಕದಲ್ಲಿ ‘ನಾಡಕೋವಿ, ಒಂಟಿ ನಳಿಗೆ’ ಎಂದಷ್ಟೇ ಇತ್ತು. 1959ರ ಆಯುಧ ಕಾಯಿದೆಯ 8ನೆಯ ಕಲಮು ಈ ವಿಷಯದಲ್ಲಿ ಬಹು ನಿಷ್ಠುರವಾದುದು. ಗುರುತಿಲ್ಲದ ಕೋವಿ ಯಾರ ಬಳಿಯಿರುವುದೋ ಅವರೇ ಅದನ್ನು ಅಳಿಸಿದರೆಂದು, ಬೇರೆ ರುಜುವಾತು ದೊರೆಯುವವರೆಗೆ, ಅದು ಭಾವಿಸುತ್ತದೆ. ಪಾಪ, ಹಿರಿಯರ ವಿಷಯದಲ್ಲಿ ಅದು ಒಂದರ್ಥದಲ್ಲಿ ನಿಜವೂ ಆಗಿತ್ತು! ನಳಿಗೆಯ ಮೇಲ್ಮೈಯಲ್ಲಿ ಏನಿದ್ದಿತೋ ಅದನ್ನು ಮೂರು ತಲೆಮಾರಿನ ಭಕ್ತಿ ಉಜ್ಜಿ ಉಜ್ಜಿ ನುಣುಪು ಮಾಡಿಬಿಟ್ಟಿತ್ತು. ಕೋವಿ ಕೈಬಿಟ್ಟರೆ ಜೋಗಿಮಟ್ಟಿಯ ಕಾಡಿನ ಹಂದಿಗಳು ಶೇಂಗಾ ಹೊಲವನ್ನು ಒಂದೇ ರಾತ್ರಿಯಲ್ಲಿ ಉತ್ತುಹಾಕುವವು. ಅದಕ್ಕಿಂತ ಹೆಚ್ಚಾಗಿ, ನಾಯಕರ ಕೋವಿ ಠಾಣೆಯ ಮೂಲೆಗೆ ಬೀಳುವುದಲ್ಲಾ ಎಂಬ ಸಂಕಟ.

ಪೊಲೀಸು ಆಯುಧಶಾಲೆಯಲ್ಲಿ ದುಡಿದು ನಿವೃತ್ತರಾದ ಪರಿಚಯಸ್ಥರೊಬ್ಬರು ಬಂದರು. ಬಂದವರು ಮೇಲ್ಮೈಯನ್ನು ನೋಡಲೇ ಇಲ್ಲ. ಗೋಣಿತಟ್ಟನ್ನು ಹಾಸಿ, ಬೆಣೆ ತಟ್ಟಿ, ತಿರುಪು ಬಿಚ್ಚಿ, ನಳಿಗೆಯನ್ನು ಮರದಿಂದ ಮೇಲೆತ್ತಿ ಅಂಗಾತ ಮಲಗಿಸಿದರು. ಮರದೊಳಗೆ ಹುದುಗಿದ ಆ ಹೊಟ್ಟೆಯ ಭಾಗಕ್ಕೆ ಇಟ್ಟಿಗೆಯ ಪುಡಿ ಎಂದೂ ತಾಗಿರಲಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡನ್ನು ತೆಗೆದು, ಸೀಮೆಸುಣ್ಣದ ಪುಡಿ ಸವರಿ, ದೀಪವನ್ನು ಓರೆಯಾಗಿ ಹಿಡಿದರು. ಎರಡು ಪುಟ್ಟ ಮುದ್ರೆಗಳು ಬೆಳ್ಳಗೆ ಮೂಡಿದವು. ಎರಡರಲ್ಲಿಯೂ ಕತ್ತರಿಯಾಗಿಟ್ಟ ಎರಡು ಕೋಲುಗಳು, ಮೇಲೊಂದು ಕಿರೀಟ.

“ನಾಯಕರ ಕತ್ತಿ, ನಾಯಕರ ಕಿರೀಟ!” ಎಂದು ಮಗ ಕೂಗಿಯೇಬಿಟ್ಟ.

ಬಂದವರು ತೆಳುಕಾಗದವನ್ನಿಟ್ಟು ಸೀಸದಕಡ್ಡಿಯಿಂದ ಉಜ್ಜಿ ಪ್ರತಿ ತೆಗೆದರು. ಅವು ಕತ್ತಿಗಳಲ್ಲ, ರಾಜದಂಡಗಳು. ಒಂದರ ಬಳಿ ಇಂಗ್ಲಿಷಿನ ಬಿ, ಪಿ, ಸಿ ಎಂಬ ಅಕ್ಷರಗಳು. ಇನ್ನೊಂದರ ಬಳಿ ವಿ. ಇವು ಬರ್ಮಿಂಗ್‌ಹ್ಯಾಮ್ ಪರೀಕ್ಷಾಶಾಲೆಯ ಮುದ್ರೆಗಳು. ಅಲ್ಲಿ ನಳಿಗೆಗೆ ಮಾಮೂಲಿಗಿಂತ ಹೆಚ್ಚು ಮದ್ದನ್ನು ಗಿಡಿದು ಹಾರಿಸಿ, ಸಿಡಿಯದೆ ಉಳಿದುದಕ್ಕೆ ಮಾತ್ರ ಮುದ್ರೆಯೊತ್ತುತ್ತಿದ್ದರು. ಕಣ್ಣಿನಿಂದ ಪರೀಕ್ಷಿಸಿದುದಕ್ಕೆ ಗುರುತು ಆ ‘ವಿ’. ಶಾಲೆ ಸ್ಥಾಪನೆಯಾದುದು 1813ರಲ್ಲಿ. ಈ ಬಗೆಯ ಮುದ್ರೆ ನಡೆದದ್ದು 1904ರವರೆಗೆ. ಹೈದರಾಲಿಯು ಚಿತ್ರದುರ್ಗವನ್ನು ಹಿಡಿದು ಮದಕರಿನಾಯಕರನ್ನು ಸೆರೆಯೊಯ್ದದ್ದು 1779ರಲ್ಲಿ. ನಡುವೆ 34 ವರ್ಷ. ಅಷ್ಟು ಲೆಕ್ಕಕ್ಕೆ ಯಾರ ಸಹಾಯವೂ ಬೇಕಿರಲಿಲ್ಲ, ಹಿರಿಯರು ಸುಮ್ಮನಾದರು.

ಬಂದವರು ಸಮಾಧಾನಕ್ಕೆಂಬಂತೆ ಬೇರೆ ಬೇರೆ ಗುರುತುಗಳ ಮಾತೆತ್ತಿದರು. ಈಸ್ಟ್ ಇಂಡಿಯಾ ಕಂಪನಿಯ ಕೋವಿಯಾದರೆ ಹೃದಯದಾಕಾರದ ಮುದ್ರೆ. 1808ರ ಬಳಿಕ ಅದರ ಬದಲು ಎದ್ದುನಿಂತ ಸಿಂಹ. ಬೆಲ್ಜಿಯಮ್ಮಿನ ಲಿಯೇಜ್ ನಗರದ್ದಾದರೆ ಮೊಟ್ಟೆಯಾಕಾರದ ಗೆರೆಯೊಳಗೆ ಇ, ಎಲ್, ಜಿ. ಟಿಪ್ಪುವಿನದಾದರೆ ಹುಲಿಯ ಪಟ್ಟೆ. ಚಿತ್ರದುರ್ಗಕ್ಕೆ ಫರ್ರುಖ್ಯಾಬ್ ಹಿಸಾರ್ ಎಂದು ಹೆಸರಿಟ್ಟು ನಾಣ್ಯ ಟಂಕಿಸಿದವನು ಆತ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವನ ಒಳ್ಳೆಯ ಕೋವಿಗಳಲ್ಲಿ ಅನೇಕವು ಇಂಗ್ಲೆಂಡಿಗೆ ಹೋದವು. ಹಳೆಯ ವಸ್ತುಗಳ ಪೇಟೆಯಲ್ಲಿ ಹುಲಿಗೂ ಹೃದಯಕ್ಕೂ ಬೆಲೆ ಹೆಚ್ಚು. ಆದುದರಿಂದ ನಿನ್ನೆ ಕೆತ್ತಿದ ಹುಲಿಗಳಿಗೂ ಅಲ್ಲಿ ಕೊರತೆಯಿಲ್ಲ. ಹೊಟ್ಟೆಯಲ್ಲಿ ಅವಿತು ಕುಳಿತ ಮುದ್ರೆಯನ್ನು ನಂಬಬಹುದು. ಎದುರಿಗೆ ಬಂದು ಮೆರೆಯುವುದನ್ನು ಎರಡು ಸಲ ನೋಡಬೇಕು.

ಹಿರಿಯರಿಗೆ ಈ ಮಾತೊಂದೂ ಕಿವಿಗೆ ಬಿದ್ದಂತಿರಲಿಲ್ಲ. ಅವರು ಕೇಪನ್ನು ಬಡಿಯುವ ಕುದುರೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು. ಅದು ನಳಿಗೆಯ ಜೊತೆಗಾರನಲ್ಲ, ತರುವಾಯ ಬಂದದ್ದು. ಅರದ ಗೆರೆಗಳು ಒರಟಾಗಿ ಹಾಗೆಯೇ ಉಳಿದಿದ್ದವು. ಒಳಮೈಯಲ್ಲಿ ಮೂರು ಚುಕ್ಕೆ.

“ಇದಾವ ದೇಶದ್ದು?” ಎಂದ ಮಗ.

ಬಂದವರಿಗೆ ಅದು ತಿಳಿಯಲಿಲ್ಲ. ಹಿರಿಯರು ಎದ್ದು ಒಳಗೆ ಹೋಗಿ ಸವೆದ ಕೊಡಲಿಯೊಂದನ್ನು ತಂದು ಪಕ್ಕದಲ್ಲಿಟ್ಟರು. ಕಾವು ಸೇರುವ ಕಣ್ಣಿನ ಬಳಿ ಅವೇ ಮೂರು ಚುಕ್ಕೆ. ತಂದೆಯ ಕಾಲದಲ್ಲಿ ಊರ ಕುಲುಮೆಯಲ್ಲಿದ್ದ ಕಮ್ಮಾರನ ಗುರುತು ಅದು. ಓದುಬರಹ ಬಾರದವನು, ತಾನು ಬಡಿದ ಕಬ್ಬಿಣಕ್ಕೆಲ್ಲ ಮೂರು ಚುಕ್ಕೆ ಇಡುತ್ತಿದ್ದ. ಅವನ ಕುದುರೆಯನ್ನು ಯಾವ ಶಾಲೆಯೂ ಪರೀಕ್ಷಿಸಿರಲಿಲ್ಲ. ತಂದೆಯವರ ಹೆಗಲೇ ಪರೀಕ್ಷಿಸಿತ್ತು.

ಅರ್ಜಿಯಲ್ಲಿ ‘ಬರ್ಮಿಂಗ್‌ಹ್ಯಾಮ್ ನಳಿಗೆ’ ಎಂದು ಬರೆದು ಕಾಗದದ ಪ್ರತಿಯನ್ನು ಲಗತ್ತಿಸಿದರು. ಹಿರಿಯರ ಒತ್ತಾಯಕ್ಕೆ, ‘ಕುದುರೆ ಮದಕರಿಪುರದ್ದು, ಮೂರು ಚುಕ್ಕೆ’ ಎಂಬುದನ್ನೂ ಸೇರಿಸಬೇಕಾಯಿತು. ಗುಮಾಸ್ತರು ಅದನ್ನು ಎರಡು ಸಲ ಓದಿ, ಏನೂ ಹೇಳದೆ ಮುದ್ರೆಯೊತ್ತಿದರಂತೆ.

ಮುಂದಿನ ಆಯುಧಪೂಜೆಯಂದು ಮೊಮ್ಮಗ ಎಂದಿನಂತೆ ಇಟ್ಟಿಗೆಯ ಪುಡಿಯನ್ನು ತಂದಿಟ್ಟ. ಹಿರಿಯರು ಅದನ್ನು ಪಕ್ಕಕ್ಕೆ ಸರಿಸಿದರು.

“ಎಣ್ಣೆ ತಗೊಂಡು ಬಾ.”

“ತಾತ, ಇದು ನಾಯಕರದ್ದೇ ಅಲ್ಲವೆ?”

ಅವರು ಕುದುರೆಗೆ ಎರಡು ಹನಿ ಎಣ್ಣೆ ಬಿಟ್ಟು, ಬಟ್ಟೆಯ ತುದಿಯಿಂದ ಒರೆಸುತ್ತ, “ಮೊದಲು ಆ ಕೊಡಲಿಯನ್ನೂ ಇಲ್ಲಿ ತಂದಿಡು” ಎಂದರು.