ದಾನಿಯೇಲನ ಗ್ರಂಥವನ್ನು ಬರೆದವರಾರು?

ನಮ್ಮ ಬಂಧುಗಳೊಬ್ಬರ ಮಗ ದೇವಶಾಸ್ತ್ರವನ್ನು ಅಭ್ಯಾಸ ಮಾಡುತ್ತಿದ್ದಾನೆ. ದಾನಿಯೇಲನ ಗ್ರಂಥವು ದಾನಿಯೇಲನದಲ್ಲ, ಕ್ರಿ.ಪೂ. 165ರ ಸುಮಾರಿಗೆ ಯಾರೋ ಅವನ ಹೆಸರಿನಲ್ಲಿ ಬರೆದದ್ದು ಎಂದು ಓದಿಕೊಂಡು ಬಂದವನು, "ತಾತಾ, ಹಾಗಾದರೆ ಸಂಡೇ ಸ್ಕೂಲಿನಲ್ಲಿ ಕಲಿತದ್ದೆಲ್ಲ ಸುಳ್ಳೇ?" ಎಂದು ಕೇಳಿದ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರೂ ಇದನ್ನು ಕೇಳಿದ್ದುಂಟು. ಆದ್ದರಿಂದ ಅವನಿಗೆ ಹೇಳಿದ್ದನ್ನೇ ತುಸು ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆ ಹೊಸದೇನಲ್ಲ. ಮೂರನೆಯ ಶತಮಾನದ ತತ್ತ್ವಜ್ಞಾನಿ ಪೋರ್ಫಿರಿ ಇದನ್ನು ಎತ್ತಿದ್ದ. ಅವನ ಕೃತಿ ಉಳಿದಿಲ್ಲ. ಅವನನ್ನು ಖಂಡಿಸಲು ಹೊರಟ ಜೆರೋಮನ ವ್ಯಾಖ್ಯಾನದಿಂದಲೇ ಅವನ ವಾದ ನಮಗೆ ತಿಳಿದುಬರುತ್ತದೆ. ಹನ್ನೊಂದನೆಯ ಅಧ್ಯಾಯವು ಈಜಿಪ್ಟ್ ಮತ್ತು ಸಿರಿಯದ ಗ್ರೀಕ್ ಅರಸರ ಕಲಹಗಳನ್ನು ಬಹು ನಿಖರವಾಗಿ ವರ್ಣಿಸುತ್ತದೆ. ಆದ್ದರಿಂದ ಅದು ಘಟನೆಗಳು ನಡೆದ ಮೇಲೆ ಬರೆದದ್ದೇ ಸರಿ ಎಂಬುದು ಅವನ ತರ್ಕ. ಗಮನಿಸಿ, ಇಲ್ಲಿ ಗ್ರಂಥದ ಮೇಲಿನ ಆರೋಪ ತಪ್ಪು ಹೇಳಿತೆಂದಲ್ಲ, ಅತಿಯಾಗಿ ಸರಿ ಹೇಳಿತೆಂದು! ಭವಿಷ್ಯವನ್ನು ದೇವರು ತಿಳಿಸಲಾರನೆಂದು ಮೊದಲೇ ನಿಶ್ಚಯಿಸಿಕೊಂಡವನಿಗೆ ಬೇರೆ ತೀರ್ಮಾನ ಸಾಧ್ಯವೇ ಇಲ್ಲ.

ಇಂದಿನ ವಿದ್ವಾಂಸರು ಇನ್ನೊಂದನ್ನು ಸೇರಿಸುತ್ತಾರೆ. ಅಧ್ಯಾಯದ ಕೊನೆಯ ವಚನಗಳು ಕ್ರಿ.ಪೂ. 164ರಲ್ಲಿ ಸತ್ತ ಅಂತಿಯೋಕಸ್ ಎಪಿಫನೇಸನ ಅಂತ್ಯಕ್ಕೆ ಹೊಂದುವುದಿಲ್ಲ. ಇದು ಬಲವಾದ ವಾದವೇ. ಆದರೆ ನಲವತ್ತನೆಯ ವಚನದಿಂದ ಗ್ರಂಥವೇ ಅಂತ್ಯಕಾಲದ ಮಾತನ್ನು ಆಡುತ್ತದೆ, ಮುಂದೆ ಸತ್ತವರ ಎಚ್ಚರಿಕೆಯವರೆಗೂ ಸಾಗುತ್ತದೆ. ಅದನ್ನು ಅಂತಿಯೋಕಸನ ಅಳತೆಗೆ ಕತ್ತರಿಸಬೇಕಾದ ನಿರ್ಬಂಧ ನನಗೆ ಕಾಣುವುದಿಲ್ಲ.

ಇನ್ನು ಬೇಲ್ಶಚ್ಚರನ ವಿಷಯ. ಗೋಡೆಯ ಮೇಲೆ ಬರೆವ ಕೈಯನ್ನು ಕಂಡು ನಡುಗಿದ ಅರಸ. ಹೆರೊಡೋಟಸನಾಗಲಿ ಕ್ಸೆನೊಫೋನನಾಗಲಿ ಅವನ ಹೆಸರೆತ್ತಿಲ್ಲ; ಬಾಬೆಲಿನ ಕೊನೆಯ ಅರಸ ನಬೋನಿದಸ್ ಎಂಬುದೇ ಇತಿಹಾಸ. ಹೀಗಾಗಿ ಬೇಲ್ಶಚ್ಚರ ಕಲ್ಪನೆಯ ಕೂಸೆಂದು ಕೆಲವರು ನಗುತ್ತಿದ್ದರು. 1854ರಲ್ಲಿ ಊರ್ ಪಟ್ಟಣದ ಅವಶೇಷಗಳಲ್ಲಿ ಟೇಲರ್ ಎಂಬ ಆಂಗ್ಲರಿಗೆ ಜೇಡಿಮಣ್ಣಿನ ಸಿಲಿಂಡರುಗಳು ದೊರೆತವು. ಅವುಗಳಲ್ಲಿ ನಬೋನಿದಸನು ತನ್ನ ಹಿರಿಯ ಮಗ ಬೇಲ್ಶಚ್ಚರನಿಗಾಗಿ ಪ್ರಾರ್ಥಿಸಿದ್ದಾನೆ! 1924ರಲ್ಲಿ ಪ್ರಕಟವಾದ ಇನ್ನೊಂದು ಬರಹದಿಂದ, ತಂದೆ ಅರೇಬಿಯದ ತೇಮಾಕ್ಕೆ ಹೊರಡುವಾಗ ರಾಜ್ಯಾಡಳಿತವನ್ನು ಈ ಮಗನಿಗೆ ಒಪ್ಪಿಸಿದನೆಂದು ತಿಳಿಯಿತು. ತಂದೆ ಒಂದನೆಯವ, ಮಗ ಎರಡನೆಯವ. ದಾನಿಯೇಲನಿಗೆ ಮೂರನೆಯ ಸ್ಥಾನವನ್ನೇ ಏಕೆ ಕೊಡಮಾಡಿದನೆಂಬುದು ಆಗ ಅರ್ಥವಾಗುತ್ತದೆ. ಆ ಅರಾಮ್ಯ ಪದಕ್ಕೆ ಬೇರೆ ಅರ್ಥ ಹೇಳುವವರೂ ಇದ್ದಾರೆ. ನನಗೆ ಇದೇ ಸಹಜವೆನಿಸುತ್ತದೆ.

ಮೃತ ಸಮುದ್ರದ ಬಳಿಯ ಕುಮ್ರಾನ್ ಗವಿಗಳಲ್ಲಿ ಈ ಗ್ರಂಥದ ಎಂಟು ಹಸ್ತಪ್ರತಿಗಳ ತುಣುಕುಗಳು ಸಿಕ್ಕಿವೆ. ಲಿಪಿಯ ಆಧಾರದಿಂದ ಅತಿ ಹಳೆಯದು ಕ್ರಿ.ಪೂ. ಎರಡನೆಯ ಶತಮಾನದ ಕೊನೆಯದೆಂದು ಎಣಿಸಲಾಗಿದೆ. 165ರಲ್ಲಿ ರಚಿತವಾದದ್ದು ಇಷ್ಟು ಬೇಗ ಪ್ರತಿಯಾಗಿ ಹರಡಿ, ಪವಿತ್ರ ಗ್ರಂಥವೆಂದೂ ಮನ್ನಣೆ ಪಡೆಯಿತೇ? ಅಸಾಧ್ಯವೆನ್ನಲಾರೆ, ಅವಸರವೆನ್ನುತ್ತೇನೆ. ಇಬ್ರಿಯದಲ್ಲಿ ಆರಂಭವಾಗುವ ಗ್ರಂಥ ಎರಡನೆಯ ಅಧ್ಯಾಯದ ನಡುವೆ ಅರಾಮ್ಯಕ್ಕೆ ತಿರುಗಿ, ಎಂಟರಲ್ಲಿ ಮತ್ತೆ ಇಬ್ರಿಯಕ್ಕೆ ಮರಳುತ್ತದೆ. ಕನ್ನಡದಲ್ಲಿ ಓದುವ ನಮಗೆ ಈ ಹೊರಳು ಕಾಣದು. ಆ ತುಣುಕುಗಳಲ್ಲಿ ಅದು ಹಾಗೆಯೇ ಇದೆ.

ಮೇದ್ಯನಾದ ದಾರ್ಯಾವೆಷನ ತೊಡಕು ಮಾತ್ರ ಬಿಡಿಸಿಲ್ಲ. ಅವನು ಕೋರೆಷನೇ ಎಂದು ಕೆಲವರು, ಅವನ ಸೇನಾಪತಿಯೆಂದು ಕೆಲವರು ಹೇಳುತ್ತಾರೆ. ಎರಡೂ ನನಗೆ ಪೂರ್ಣ ಒಪ್ಪಿಗೆಯಾಗಿಲ್ಲ. ಬೇಲ್ಶಚ್ಚರನಿಗಾಗಿ ಕಾದಂತೆ ಇವನಿಗಾಗಿಯೂ ಕಾಯಲು ನನ್ನ ಅಭ್ಯಂತರವಿಲ್ಲ.

ಹುಡುಗ ಕೊನೆಗೆ ಕೇಳಿದ್ದು, ಮೂರನೆಯ ಅಧ್ಯಾಯದ ವಾದ್ಯಗಳಿಗೆ ಗ್ರೀಕ್ ಹೆಸರುಗಳು ಬಂದದ್ದು ಹೇಗೆಂದು. ನೆಬೂಕದ್ನೆಚ್ಚರನ ಅರಮನೆಯಲ್ಲಿ ಸಿಕ್ಕ ಪಡಿತರದ ಲೆಕ್ಕಗಳಲ್ಲಿ ಸೆರೆಯಾದ ಯೆಹೂದದ ಅರಸ ಯೆಹೋಯಾಖೀನನಿಗೆ ಕೊಟ್ಟ ಎಣ್ಣೆಯ ಪ್ರಮಾಣವಿದೆ. ಜೊತೆಗೆ ಅಯೋನಿಯದ, ಎಂದರೆ ಗ್ರೀಕ್ ನಾಡಿನ, ಬಡಗಿಗಳಿಗೆ ಕೊಟ್ಟದ್ದೂ ಇದೆ. ಬಡಗಿಗಳು ಬಂದ ದಾರಿಯಲ್ಲಿ ಒಂದೆರಡು ವಾದ್ಯಗಳೂ ಬಂದಿರಬಹುದಲ್ಲವೇ ಎಂದೆ. ಅವನು ಆ ಲೆಕ್ಕಗಳ ಬಗ್ಗೆ ಓದಲು ಪುಸ್ತಕ ಬೇಕೆಂದು ಕೇಳಿಕೊಂಡು ಹೋಗಿದ್ದಾನೆ.